ಹೊಸೂರು ರಸ್ತೆಗೆ ಇಳಿದ ಹೆಣ್ಣುಮಕ್ಕಳು

ಕೇಳುಗರೇ, ನಮಸ್ಕಾರ.

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ನಿಲ್ಲಿಸಿ ಹೊಸೂರು ರಸ್ತೆಗೆ ಇಳಿದರು. ಮಾರನೇ ದಿನ ಪೀಣ್ಯ, ಜಾಲಹಳ್ಳಿ, ಮೈಸೂರು ರಸ್ತೆಯವರೂ ಸೇರಿಕೊಂಡರು. ಸಾವಿರಾರು ಜನ. ಮುಂದೆ ನಿಂತು ಕರೆದ ದೊಡ್ಡ ನಾಯಕರು ಯಾರೂ ಇರಲಿಲ್ಲ.

ಸಿಟ್ಟು ಬಂದದ್ದು ಪಿ.ಎಫ್. ದುಡ್ಡಿನ ವಿಷಯಕ್ಕೆ. ಪಿ.ಎಫ್. ಅಂದರೆ ಸಂಬಳದಿಂದ ಹಿಡಿದ ದುಡ್ಡಿಗೆ ಮಾಲೀಕರ ಪಾಲೂ ಸೇರಿಸಿ ಕೂಡಿಡುವ ಭವಿಷ್ಯ ನಿಧಿ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತ್ತು. ಕೆಲಸ ಬಿಟ್ಟವರು ತಾವು ಕಟ್ಟಿದ ಪಾಲು ತೆಗೆದುಕೊಳ್ಳಬಹುದು, ಮಾಲೀಕರು ಕಟ್ಟಿದ ಪಾಲು ಮಾತ್ರ 58 ವರ್ಷ ತುಂಬಿದ ಮೇಲೆ.

ಕಾಗದದ ಮೇಲೆ ಇದು ಒಳ್ಳೆಯ ಉಳಿತಾಯದ ಹಾಗೆ ಕಾಣುತ್ತದೆ. ಆದರೆ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಮುಟ್ಟಿಸುತ್ತಾ ದಿನವಿಡೀ ಬಗ್ಗಿ ಹೊಲಿಯುವ ಹೆಂಗಸು 58ರವರೆಗೆ ಆ ಕೆಲಸ ಮಾಡೋಕಾಗುತ್ತಾ? ಬೆನ್ನು, ಕಣ್ಣು ಅದಕ್ಕೂ ಎಷ್ಟೋ ಮೊದಲೇ ಸೋಲುತ್ತವೆ. ಮಗಳ ಕಾಲೇಜು ಫೀಸು, ಮನೆ ಅಡ್ವಾನ್ಸು, ಆಸ್ಪತ್ರೆ ಖರ್ಚು, ಬಡ್ಡಿ ಸಾಲ. ಇವಕ್ಕೆಲ್ಲ ಒಟ್ಟಿಗೆ ಕೈಗೆ ಸಿಗುವ ದುಡ್ಡು ಅಂತ ಇದ್ದದ್ದು ಅದೊಂದೇ.

ಈ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಧೈರ್ಯ ಹುಟ್ಟಿದ್ದೂ ಅಲ್ಲಿಂದಲೇ ಅಂತ ನನಗೆ ಅನ್ನಿಸುತ್ತದೆ. ಸೂಪರ್‌ವೈಸರ್ ಬೈದರೆ ತಲೆ ತಗ್ಗಿಸಿ ಕೂತವರು ಅವರಲ್ಲಿ ಎಷ್ಟೋ ಜನ. ಹೆದರಿಕೆ ಇರಲಿಲ್ಲ ಅಂತಲ್ಲ. ಸಂಬಳ ಕತ್ತರಿಸಿದರೆ ಮನೆ ನಡೆಯುವುದು ಹೇಗೆ ಅನ್ನುವ ಚಿಂತೆ ಎಲ್ಲರಿಗೂ ಇರುತ್ತದೆ ಅಲ್ವಾ? ಆದರೂ ಇದು ನಾನು ದುಡಿದ ದುಡ್ಡು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಪಕ್ಕದ ಮಿಷನ್‌ನವಳು ಎದ್ದಾಗ ಇವಳೂ ಎದ್ದಳು.

ಎರಡನೇ ದಿನ ಕಲ್ಲು ತೂರಾಟ ನಡೆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಸುಟ್ಟ ಬಸ್ಸನ್ನಷ್ಟೇ ನೆನಪಿಟ್ಟುಕೊಂಡರೆ ಬಿಸಿಲಲ್ಲಿ ರಸ್ತೆ ಮೇಲೆ ನಿಂತ ಆ ಸಾವಿರಾರು ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದ ಹಾಗೆ.

ಅವತ್ತೇ, ಅಂದರೆ 19ರಂದು, ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಹೊಸ ನಿಯಮವನ್ನು ರದ್ದು ಮಾಡುವುದಾಗಿ ಹೇಳಿದರು. ಹಳೆಯ ನಿಯಮವೇ ಉಳಿಯಿತು. ಬೆಂಗಳೂರಿಗಷ್ಟೇ ಅಲ್ಲ, ಇಡೀ ದೇಶದ ಪಿ.ಎಫ್. ಕಟ್ಟುವವರಿಗೆಲ್ಲ.

ಈಗ ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಸಂಬಳದ ಚೀಟಿ ಒಮ್ಮೆ ತೆಗೆದು ನೋಡಿ. ಪಿ.ಎಫ್. ಅಂತ ಎಷ್ಟು ಹಿಡಿದಿದ್ದಾರೆ? ಅಷ್ಟೂ ನಿಮ್ಮ ಪಿ.ಎಫ್. ಪಾಸ್‌ಬುಕ್‌ಗೆ ಬಿದ್ದಿದೆಯೇ? ಬಿದ್ದಿಲ್ಲ ಅಂದರೆ ನಿಮ್ಮ ಲೈನಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಚ್.ಆರ್. ಅವರನ್ನು ಕೇಳಿ. ಅಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಪಿ.ಎಫ್. ಕಚೇರಿಗೆ ನೀವೇ ದೂರು ಕೊಡಬಹುದು. ನಮಸ್ಕಾರ.