ಸಲ್ಲಬೇಕಾದ ಪದಕಕ್ಕೆ ಅರ್ಜಿ ಏಕೆ?

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದ ಮಾಜಿ ಸೈನಿಕರು ತಮ್ಮ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕಗಳನ್ನು ಸೇರಿಸಿಕೊಡಿ ಎಂದು ಸರ್ಕಾರಕ್ಕೆ ಸಲ್ಲಿಸುವ ಅರ್ಜಿಗಳ ಬಗ್ಗೆ ಇಂದು ಮಾತನಾಡುತ್ತೇನೆ. ಅಲ್ಲಿನ ಭೂಸೇನೆಯ ದಾಖಲೆ ತಿದ್ದುಪಡಿ ಮಂಡಳಿಯು ತನ್ನ ತೀರ್ಪುಗಳನ್ನು ಅರ್ಜಿದಾರರ ಹೆಸರು ಅಳಿಸಿ ಸಾರ್ವಜನಿಕರ ಓದಿಗೆ ಇಡುತ್ತದೆ. ಅವುಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ವಯಸ್ಸಾದ ಸೈನಿಕನೊಬ್ಬ, ಯುದ್ಧದಲ್ಲಿ ತನಗೆ ಗಾಯವಾಗಿತ್ತು, ಪರ್ಪಲ್ ಹಾರ್ಟ್ ಪದಕ ದಾಖಲೆಯಲ್ಲಿ ಇಲ್ಲ, ಸೇರಿಸಿಕೊಡಿ ಎಂದು ಕೇಳಿರುತ್ತಾನೆ. ಪುರಾವೆ ಸಾಲದು ಎಂದು ಮಂಡಳಿ ಅದನ್ನು ತಿರಸ್ಕರಿಸುತ್ತದೆ. ಆದರೆ ಅದೇ ತೀರ್ಪಿನ ಕೊನೆಯ ಪುಟಕ್ಕೆ ಬಂದಾಗ, ಕಡತವನ್ನು ಪರಿಶೀಲಿಸುವಾಗ ಈತನಿಗೆ ಇನ್ನೂ ಮೂರು ನಾಲ್ಕು ಗೌರವಗಳು ಸಲ್ಲಬೇಕಿದ್ದದ್ದು ಕಂಡುಬಂದಿದೆ, ಅವನ್ನು ಸೇರಿಸಲು ಮಂಡಳಿಯ ತೀರ್ಮಾನವೂ ಬೇಕಿಲ್ಲ, ಕಚೇರಿಯ ಮಟ್ಟದಲ್ಲೇ ತಿದ್ದಿಕೊಡಲಾಗುವುದು ಎಂಬ ಟಿಪ್ಪಣಿ ಇರುತ್ತದೆ. ಆತ ಕೇಳಿದ್ದು ಸಿಗಲಿಲ್ಲ; ತನಗೆ ಬರಬೇಕೆಂದು ಗೊತ್ತೇ ಇರದಿದ್ದದ್ದು ಸಿಕ್ಕಿತು.

ಈ ಟಿಪ್ಪಣಿಯನ್ನು ಮೊದಲ ಬಾರಿ ಓದಿದಾಗ ನನಗೆ ಸಂತೋಷವಾಗಿತ್ತು. ಅಂಥವೇ ಹತ್ತಾರು ಕಂಡ ಮೇಲೆ ಸಂತೋಷ ಹೋಗಿ ಬೇಸರ ಉಳಿಯಿತು. ಆ ಪದಕಗಳಿಗೆ ಬೇಕಾದ ಪುರಾವೆಯೆಲ್ಲ ಇಷ್ಟು ವರ್ಷಗಳಿಂದ ಸರ್ಕಾರದ ಕಪಾಟಿನಲ್ಲೇ ಇತ್ತು. ಹಾಗಿದ್ದ ಮೇಲೆ, ಆ ಮನುಷ್ಯ ಬೇರೇನನ್ನೋ ಕೇಳಿ ಬರೆಯುವವರೆಗೂ ಕಡತವನ್ನು ಯಾರೂ ತೆರೆದು ನೋಡಲಿಲ್ಲವೇಕೆ?

ಇಲ್ಲಿ ಒಂದು ಕಾಗದದ ಪರಿಚಯ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಸಕ್ರಿಯ ಸೇವೆಯಿಂದ ಬಿಡುಗಡೆಯಾಗುವ ಸೈನಿಕನ ಕೈಗೆ ಡಿಡಿ-214 ಎಂಬ ನಮೂನೆಯ ಪತ್ರ ಬರುತ್ತದೆ. 1950ರಿಂದ ಬಳಕೆಯಲ್ಲಿರುವ ಈ ಬಿಡುಗಡೆ ಪತ್ರದಲ್ಲಿ ಸೇವೆಗೆ ಸೇರಿದ ದಿನ, ಬಿಟ್ಟ ದಿನ, ದರ್ಜೆ, ವಿದೇಶದಲ್ಲಿ ಕಳೆದ ಅವಧಿ, ಪಡೆದ ಪದಕಗಳು ಇವೆಲ್ಲ ದಾಖಲಾಗಿರುತ್ತವೆ. ಶಿಕ್ಷಣದ ನೆರವು, ಮನೆ ಸಾಲದ ಖಾತರಿ, ಸತ್ತ ಮೇಲೆ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ, ಯಾವುದಕ್ಕೇ ಹೋದರೂ ಮೊದಲು ಕೇಳುವುದು ಈ ಪತ್ರವನ್ನೇ. ವಿಯೆಟ್ನಾಂ ಯುದ್ಧದ ಕಾಲದ ನಮೂನೆಯಲ್ಲಿ ಪದಕಗಳಿಗೆ ಮೀಸಲಾಗಿದ್ದದ್ದು 24ನೆಯ ಕಲಮು, ಈಗಿನದರಲ್ಲಿ 13ನೆಯದು. ಅದರಲ್ಲಿ ತಪ್ಪು ಕಂಡುಬಂದರೆ ಡಿಡಿ-215 ಎಂಬ ಇನ್ನೊಂದು ಹಾಳೆಯಲ್ಲಿ ತಿದ್ದುಪಡಿ ಬರೆದು ಕೊಡುತ್ತಾರೆ.

ಪದಕಗಳೆಲ್ಲ ಒಂದೇ ಜಾತಿಯವಲ್ಲ. ಶೌರ್ಯಕ್ಕೆ ಕೊಡುವ ಪದಕಕ್ಕೆ ಮೇಲಧಿಕಾರಿ ಶಿಫಾರಸು ಮಾಡಬೇಕು, ಕಣ್ಣಾರೆ ಕಂಡವರು ಹೇಳಿಕೆ ಕೊಡಬೇಕು, ಇನ್ನೂ ಮೇಲಿನವರು ಒಪ್ಪಬೇಕು. ಅಲ್ಲಿ ವಿವೇಚನೆಗೆ ಜಾಗವಿದೆ, ಇರಲೂಬೇಕು. ಸೇವಾ ಪದಕದ ಲೆಕ್ಕ ಬೇರೆ. ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಜಾಗದಲ್ಲಿ ಇದ್ದವನಿಗೆ ಈ ಪದಕ ಎಂದು ನಿಯಮವೇ ಹೇಳುತ್ತದೆ. ದಿನಾಂಕವೂ ಊರೂ ಕಡತದಲ್ಲಿದ್ದರೆ ಪದಕ ಸಂದಂತೆಯೇ. ಹಾಗಾಗಿ ಅದನ್ನು ಬರೆದುಕೊಡಿ ಎನ್ನುವವನು ಗೌರವವನ್ನು ಬೇಡುತ್ತಿಲ್ಲ, ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಸಾಲನ್ನು ಬರೆಯಿರಿ ಎನ್ನುತ್ತಿದ್ದಾನೆ ಅಷ್ಟೆ.

ಉದಾಹರಣೆಗೆ ಒಬ್ಬ ಸೈನಿಕನನ್ನು ಊಹಿಸಿಕೊಳ್ಳೋಣ. 1967ರಲ್ಲಿ ಕಡ್ಡಾಯ ಸೇವೆಗೆ ಕರೆ ಬಂತು. 1968ರ ಫೆಬ್ರವರಿಯಿಂದ 1969ರ ಜನವರಿಯವರೆಗೆ ವಿಯೆಟ್ನಾಂನಲ್ಲಿದ್ದ. ಆ ವರ್ಷವೇ ಎರಡು ವರ್ಷದ ಅವಧಿ ಮುಗಿಸಿ ಮನೆಗೆ ಹೋದ. ಅವನ ಪತ್ರದ 24ನೆಯ ಕಲಮಿನಲ್ಲಿ ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್, ವಿಯೆಟ್ನಾಂ ಸರ್ವಿಸ್ ಮೆಡಲ್, ದಕ್ಷಿಣ ವಿಯೆಟ್ನಾಂ ಸರ್ಕಾರ ಕೊಟ್ಟ ಕ್ಯಾಂಪೇನ್ ಮೆಡಲ್ ಈ ಮೂರೇ ಇವೆ ಎಂದುಕೊಳ್ಳಿ. ಇದರಲ್ಲಿ ಏನೇನು ಬಿಟ್ಟುಹೋಗಿದೆ? ವಿಯೆಟ್ನಾಂ ಯುದ್ಧವನ್ನು ಭೂಸೇನೆ 17 ಕಾರ್ಯಾಚರಣಾ ಅವಧಿಗಳಾಗಿ ವಿಂಗಡಿಸಿದೆ, ಪಾಲ್ಗೊಂಡ ಒಂದೊಂದು ಅವಧಿಗೂ ಸರ್ವಿಸ್ ಮೆಡಲಿನ ರಿಬ್ಬನ್ನಿನ ಮೇಲೆ ಒಂದೊಂದು ಪುಟ್ಟ ಕಂಚಿನ ನಕ್ಷತ್ರ ಸೇರುತ್ತದೆ. 1968ರ ಜನವರಿ ಕೊನೆಯಲ್ಲಿ ಆರಂಭವಾದ ಟೆಟ್ ಪ್ರತಿದಾಳಿಯ ಅವಧಿಯಿಂದ ಎಣಿಸಿದರೆ ನಮ್ಮ ಈ ಸೈನಿಕನಿಗೆ ನಾಲ್ಕು ನಕ್ಷತ್ರಗಳು ಸಲ್ಲುತ್ತವೆ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಒಂದು ದಿನಾಂಕದ ಪಟ್ಟಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಇನ್ನು ಗುಡ್ ಕಂಡಕ್ಟ್ ಮೆಡಲ್. 1941ರ ಜೂನ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶದಿಂದ ಹುಟ್ಟಿದ ಈ ಪದಕಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಸೇವೆ ಬೇಕು. ಆದರೆ 1950ರ ಜೂನ್ 27ರ ನಂತರ ಸೇವೆ ಮುಗಿಸಿದವರಿಗೆ, ಮೊದಲ ಬಾರಿಯ ಪದಕವಾಗಿದ್ದರೆ, ಒಂದು ವರ್ಷಕ್ಕಿಂತ ಹೆಚ್ಚಿನ ಸೇವೆಯೇ ಸಾಕು. ಎರಡು ವರ್ಷದ ಕಡ್ಡಾಯ ಸೇವೆಯವನು ಇದರೊಳಗೆ ಬರುತ್ತಾನೆ. ಕಮಾಂಡರ್ ಅನುಮೋದಿಸಬೇಕಾದ ಪದಕ ಇದು, ನಿಜ. ಆದರೆ ಆ ಕಾಲದ ಸೈನಿಕನ ಅರ್ಹತಾ ದಾಖಲೆಯಾದ ಡಿಎ ನಮೂನೆ 20ರ 38ನೆಯ ಕಲಮನ್ನು ತೆರೆದು ನೋಡಿ. ಅಲ್ಲಿ ನಡತೆಯ ಎದುರಿಗೂ ದಕ್ಷತೆಯ ಎದುರಿಗೂ ಸೇವೆಯುದ್ದಕ್ಕೂ ‘ಅತ್ಯುತ್ತಮ’ ಎಂದೇ ಬರೆದಿದ್ದು, ಈತ ಅನರ್ಹ ಎಂದು ಯಾವ ಕಮಾಂಡರೂ ಎಲ್ಲಿಯೂ ಬರೆದಿಲ್ಲದಿದ್ದರೆ, ಪದಕ ಸಿಗದೇ ಇದ್ದದ್ದಕ್ಕೆ ಕಣ್ತಪ್ಪನ್ನು ಬಿಟ್ಟು ಬೇರೆ ಕಾರಣವಿರಲಾರದು. ಮಂಡಳಿಯೂ ಇಂಥ ಅರ್ಜಿಗಳಲ್ಲಿ ಹೀಗೆಯೇ ತರ್ಕಿಸಿ ಪದಕ ಕೊಡಿಸಿದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಿಡುಗಡೆಯ ನಂತರ ಬಂದ ಗೌರವಗಳು. ವಿಯೆಟ್ನಾಂನಲ್ಲಿದ್ದ ಅಮೆರಿಕದ ಭೂಸೇನೆಯ ಕೇಂದ್ರ ಕಚೇರಿಗೂ ಅದರ ಅಧೀನ ಘಟಕಗಳಿಗೂ ಅಲ್ಲಿನ ಸರ್ಕಾರದ ಗ್ಯಾಲಂಟ್ರಿ ಕ್ರಾಸ್ ಘಟಕ ಗೌರವ, ಅಂದರೆ ಇಡೀ ಘಟಕಕ್ಕೆ ಕೊಟ್ಟು ಅದರಲ್ಲಿದ್ದವರ ದಾಖಲೆಗೂ ಸೇರುವ ಗೌರವ, ಸಲ್ಲುತ್ತದೆ ಎಂಬ ಸಾಮಾನ್ಯ ಆದೇಶ ಹೊರಟದ್ದು 1974ರಲ್ಲಿ. 1969ರಲ್ಲಿ ಟೈಪ್ ಮಾಡಿ ಸಹಿ ಹಾಕಿದ ಪತ್ರದಲ್ಲಿ ಅದು ಹೇಗೆ ತಾನೇ ಇರಲು ಸಾಧ್ಯ? ಬರೆದ ದಿನ ಸರಿಯಾಗಿಯೇ ಇದ್ದ ಪತ್ರ ಐದು ವರ್ಷಗಳ ನಂತರ ಅಪೂರ್ಣವಾಯಿತು, ಅದಕ್ಕೆ ಸೈನಿಕ ಕಾರಣನಲ್ಲ. ಕೊರಿಯಾ ಯುದ್ಧದಲ್ಲಿ ಹೋರಾಡಿದವರಿಗೆ ದಕ್ಷಿಣ ಕೊರಿಯಾ 1951ರಲ್ಲಿಯೇ ಪದಕ ಕೊಡಲು ಮುಂದೆ ಬಂದಿತ್ತು, ಅಮೆರಿಕ ಅದನ್ನು ಒಪ್ಪಿಕೊಂಡದ್ದು 1999ರಲ್ಲಿ. ಕದನವಿರಾಮದ ನಂತರ ಕೊರಿಯಾದಲ್ಲಿ ಕಾವಲಿದ್ದವರ ಸೇವಾ ಪದಕಕ್ಕೆ ಕಾನೂನು ಬಂದದ್ದು 2002ರಲ್ಲಿ, ಅದು ಅನ್ವಯಿಸುವುದು 1954ರ ಜುಲೈ 28ರಿಂದ. ಇಪ್ಪತ್ತರ ಹರೆಯದಲ್ಲಿ ಕಾವಲು ನಿಂತವನಿಗೆ ಪದಕ ಹುಟ್ಟುವ ಹೊತ್ತಿಗೆ ಎಪ್ಪತ್ತು ಆಗಿರಬಹುದು. ಸುದ್ದಿ ಅವನ ಕಿವಿಗೆ ಬಿದ್ದರೆ ಅರ್ಜಿ ಹಾಕುತ್ತಾನೆ, ಬೀಳದಿದ್ದರೆ ಇಲ್ಲ.

ಅರ್ಜಿ ಹಾಕುವ ದಾರಿಯನ್ನೂ ನೋಡೋಣ. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಸೈನಿಕನೊಬ್ಬನ ದಾಖಲೆ ತಿದ್ದಬೇಕಾದರೆ ಅಮೆರಿಕದ ಸಂಸತ್ತು ಆತನೊಬ್ಬನಿಗಾಗಿಯೇ ಮಸೂದೆ ತರಬೇಕಾಗುತ್ತಿತ್ತು. 1946ರ ಕಾನೂನು ಆ ಪದ್ಧತಿಯನ್ನು ನಿಲ್ಲಿಸಿ, ನಾಗರಿಕ ಸದಸ್ಯರ ಮಂಡಳಿಗಳ ಮೂಲಕ ತಪ್ಪನ್ನು ಸರಿಪಡಿಸುವ, ಅನ್ಯಾಯವನ್ನು ತೊಡೆಯುವ ಅಧಿಕಾರವನ್ನು ಸೇನಾ ಇಲಾಖೆಗಳಿಗೆ ಕೊಟ್ಟಿತು. ಅದು ದೊಡ್ಡ ಸುಧಾರಣೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಸರಳ ಪದಕದ ವಿಷಯವಾದರೆ ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬರೆದರೂ ಕೆಲಸ ಆಗಬಹುದು. ಆಗದಿದ್ದರೆ ಡಿಡಿ-149 ಎಂಬ ಅರ್ಜಿ ತುಂಬಿ ಮಂಡಳಿಯ ಮುಂದೆ ಹೋಗಬೇಕು. ಹತ್ತರಲ್ಲಿ ಒಂಬತ್ತು ಪ್ರಕರಣಗಳನ್ನು 10 ತಿಂಗಳಲ್ಲಿ, ಉಳಿದವನ್ನು 18 ತಿಂಗಳಲ್ಲಿ ಮುಗಿಸಬೇಕೆಂದು ಕಾನೂನು ಹೇಳುತ್ತದೆ.

ಅದೇ ಕಾನೂನಿನಲ್ಲಿ ಇನ್ನೊಂದು ಗಡುವೂ ಇದೆ: ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ನ್ಯಾಯದ ಹಿತದೃಷ್ಟಿಯಿಂದ ಮಂಡಳಿ ಆ ತಡವನ್ನು ಮನ್ನಿಸಬಹುದು, ಪದಕದ ಪ್ರಕರಣಗಳಲ್ಲಿ ಬಹಳ ಸಲ ಮನ್ನಿಸುತ್ತದೆ ಕೂಡ. ಈ ‘ಮನ್ನಿಸುವುದು’ ಎಂಬ ಮಾತು ನನಗೆ ಸರಿಬರುವುದಿಲ್ಲ. ಸರ್ಕಾರವೇ ಬರೆಯಬೇಕಿದ್ದ ಸಾಲನ್ನು ಸರ್ಕಾರವೇ ಬಿಟ್ಟಿರುವಾಗ, ತಡಮಾಡಿದೆ, ಕ್ಷಮಿಸಿ ಎಂದು ಎಂಬತ್ತರ ಆಸುಪಾಸಿನ ಮನುಷ್ಯ ಕೇಳಿಕೊಳ್ಳಬೇಕೆ? ಇದರ ಜೊತೆಗೆ, ದಾಖಲೆ ಸರಿಯಾಗಿಯೇ ಇದೆ ಎಂಬ ಊಹೆಯಿಂದ ಮಂಡಳಿ ಕೆಲಸ ಆರಂಭಿಸುತ್ತದೆ. ತಪ್ಪಿದೆ ಎಂದು ತೋರಿಸುವ ಹೊಣೆ ಪೂರ್ತಿಯಾಗಿ ಅರ್ಜಿದಾರನ ಮೇಲೆ ಬೀಳುತ್ತದೆ.

ಆ ದಾಖಲೆಯೇ ಇಲ್ಲವಾದರೆ? 1973ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸೇಂಟ್ ಲೂಯಿಸ್ ಸಮೀಪದ ದಾಖಲೆ ಕೇಂದ್ರದ ಆರನೆಯ ಮಹಡಿಗೆ ಬೆಂಕಿ ಬಿತ್ತು. ಕಡತಗಳಿದ್ದ ಆ ಮಹಡಿಯಲ್ಲಿ ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಬೆಂಕಿ ಪೂರ್ತಿ ಆರಲು ನಾಲ್ಕು ದಿನಕ್ಕೂ ಹೆಚ್ಚು ಬೇಕಾಯಿತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೇವಾ ಕಡತಗಳು ನಾಶವಾದವು ಎಂಬುದು ಅಧಿಕೃತ ಅಂದಾಜು. 1912ರ ನವೆಂಬರ್‌ನಿಂದ 1960ರ ಜನವರಿ 1ರವರೆಗೆ ಬಿಡುಗಡೆಯಾದ ಭೂಸೈನಿಕರ ದಾಖಲೆಗಳಲ್ಲಿ ಶೇ. 80ರಷ್ಟು ಹೋದವು. ವಾಯುಪಡೆಯಲ್ಲಿ 1947ರಿಂದ 1963ರ ಕೊನೆಯವರೆಗೆ ಬಿಡುಗಡೆಯಾದವರ ಪೈಕಿ, ಅಕ್ಷರಕ್ರಮದಲ್ಲಿ ‘ಹಬ್ಬರ್ಡ್’ ಎಂಬ ಹೆಸರಿನ ನಂತರ ಬರುವವರ ದಾಖಲೆಗಳಲ್ಲಿ ಶೇ. 75ರಷ್ಟು ಹೋದವು. ಒಂದೇ ನೆಲೆಯಲ್ಲಿ ಒಟ್ಟಿಗೆ ದುಡಿದ ಇಬ್ಬರಲ್ಲಿ ಆಡಮ್ಸ್ ಎಂಬುವನ ಕಡತ ಕಪಾಟಿನಲ್ಲಿ ಉಳಿಯಿತು, ವಿಲ್ಸನ್ ಎಂಬುವನದು ಬೂದಿಯಾಯಿತು ಎಂದಿಟ್ಟುಕೊಳ್ಳಿ, ಇಬ್ಬರ ನಡುವಿನ ವ್ಯತ್ಯಾಸ ಹೆಸರಿನ ಮೊದಲ ಅಕ್ಷರ ಮಾತ್ರ. ಆ ಕಡತಗಳಿಗೆ ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನು ಇತ್ತೆಂಬ ಸೂಚಿಯೂ ಇರಲಿಲ್ಲ.

ಅಲ್ಲಿನ ಸಿಬ್ಬಂದಿ ಅಂದಿನಿಂದ ಇಂದಿನವರೆಗೂ ಆ ಕಡತಗಳನ್ನು ಚೂರುಚೂರಾಗಿ ಮತ್ತೆ ಕಟ್ಟುತ್ತಿದ್ದಾರೆ, ಅವರ ಶ್ರಮಕ್ಕೆ ನನ್ನ ಗೌರವವಿದೆ. ನೀರಿನಲ್ಲಿ ನೆನೆದು ಅಂಚು ಸುಟ್ಟ ಹಾಳೆಗಳನ್ನು ಒಣಗಿಸಿ ಉಳಿಸಿಕೊಂಡರು. ಕೊನೆಯ ಸಂಬಳದ ವೋಚರು, ಘಟಕಗಳ ದಿನದಿನದ ಬೆಳಗಿನ ವರದಿ, ಸೇನಾ ಆಸ್ಪತ್ರೆಗಳ ದಾಖಲೆ ಮುಂತಾದವುಗಳಿಂದ ಸೇವೆಯನ್ನು ದೃಢಪಡಿಸುತ್ತಾರೆ. ಆದರೆ ಸಂಬಳದ ವೋಚರಿನಿಂದ ಈತ ಸೇವೆಯಲ್ಲಿದ್ದ ಎಂದು ತಿಳಿಯುತ್ತದೆಯೇ ಹೊರತು ಎದೆಯ ಮೇಲೆ ಏನಿತ್ತು ಎಂದು ತಿಳಿಯುವುದಿಲ್ಲ. ಹೀಗಿರುವಾಗ, ದಾಖಲೆ ಸರ್ಕಾರದ ವಶದಲ್ಲಿದ್ದಾಗಲೇ ನಾಶವಾದ ಪ್ರಕರಣಗಳಲ್ಲಾದರೂ ಪುರಾವೆಯ ಹೊಣೆ ಹಗುರವಾಗಬೇಕು. ಜೊತೆಯಲ್ಲಿದ್ದವರು ಬರೆದುಕೊಟ್ಟ ಹೇಳಿಕೆಗೆ, ಆ ಕಾಲದಲ್ಲಿ ಮನೆಗೆ ಬರೆದ ಕಾಗದಕ್ಕೆ, ಸಮವಸ್ತ್ರದಲ್ಲಿ ತೆಗೆಸಿಕೊಂಡ ಫೋಟೋಗೆ ಹೆಚ್ಚಿನ ತೂಕ ಸಿಗಬೇಕು.

ಸುಳ್ಳು ಹೇಳಿ ಪದಕ ಗಿಟ್ಟಿಸುವವರ ಮಾತೇನು ಎಂದು ನೀವು ಕೇಳಬಹುದು. ಅಂಥವರು ಇದ್ದಾರೆ, ಲಾಭಕ್ಕಾಗಿ ಪದಕದ ಸುಳ್ಳು ಹೇಳಿಕೊಳ್ಳುವುದು ಅಪರಾಧ ಎಂದು 2013ರಲ್ಲಿ ಅಮೆರಿಕ ಕಾನೂನನ್ನೇ ಮಾಡಿತು. ಪರ್ಪಲ್ ಹಾರ್ಟ್‌ಗೆ ಶತ್ರುವಿನಿಂದಲೇ ಆದ ಗಾಯ, ವೈದ್ಯಕೀಯ ಚಿಕಿತ್ಸೆ, ಅದರ ಅಧಿಕೃತ ದಾಖಲೆ ಈ ಮೂರೂ ಬೇಕೆಂದು ಮಂಡಳಿ ಪಟ್ಟು ಹಿಡಿಯುವುದು ಅರ್ಥವಾಗುವಂಥದ್ದೇ, ಏಕೆಂದರೆ ಆ ಪದಕದ ಜೊತೆಗೆ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಆದ್ಯತೆಯೂ ಬರುತ್ತದೆ. ಆದರೂ ಶೌರ್ಯದ ಪದಕಗಳಲ್ಲಿ ಸಹ ತಪ್ಪು ಯಾವಾಗಲೂ ಸೈನಿಕನ ಕಡೆಯೇ ಇರುವುದಿಲ್ಲ. 1965ರ ಜೂನ್‌ನಲ್ಲಿ ವಿಯೆಟ್ನಾಂನ ಬೋಂಗ್ ಸಾನ್ ಬಳಿ, ವಿಶೇಷ ಪಡೆಯ ಕ್ಯಾಪ್ಟನ್ ಪ್ಯಾರಿಸ್ ಡೇವಿಸ್ ಸ್ವತಃ ಗಾಯಗೊಂಡಿದ್ದರೂ ಹಿಂದೆ ಸರಿಯಲು ಒಪ್ಪದೆ ಗುಂಡಿನ ಮಳೆಯ ನಡುವೆ ತನ್ನವರನ್ನು ಹೊತ್ತು ತಂದರು. ವಿಶೇಷ ಪಡೆಯ ಮೊದಲ ಕಪ್ಪು ಅಧಿಕಾರಿಗಳಲ್ಲಿ ಅವರೂ ಒಬ್ಬರು. ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್‌ಗೆ ಅವರ ಹೆಸರನ್ನು ಶಿಫಾರಸು ಮಾಡಿದ ಕಾಗದಗಳು ಒಂದಲ್ಲ, ಎರಡು ಬಾರಿ ಕಳೆದುಹೋದವು. ಪದಕ ಅವರ ಕೊರಳಿಗೆ ಬಂದದ್ದು 2023ರ ಮಾರ್ಚ್ 3ರಂದು. ಜೊತೆಗಿದ್ದವರು ದಶಕಗಳ ಕಾಲ ಬಿಡದೆ ಬೆನ್ನುಹತ್ತದಿದ್ದರೆ ಅದೂ ಬರುತ್ತಿರಲಿಲ್ಲ.

ಎಲ್ಲರಿಗೂ ಅಂಥ ಗೆಳೆಯರು ಇರುವುದಿಲ್ಲ. ಹಾಗಾಗಿ ನಾನು ಕೇಳುವುದು ಶೌರ್ಯದ ಪದಕವನ್ನು ಸುಲಭಗೊಳಿಸಿ ಎಂದಲ್ಲ. ದಿನಾಂಕ ಮತ್ತು ಜಾಗದಿಂದಲೇ ನಿರ್ಧಾರವಾಗುವ ಸೇವಾ ಪದಕಗಳಿಗೆ ಮೂರು ವರ್ಷದ ಗಡುವನ್ನು ತೆಗೆದುಹಾಕಲಿ. ಯಾವ ಕಾರಣಕ್ಕೇ ಆಗಲಿ ಒಬ್ಬ ಸೈನಿಕನ ಕಡತ ತೆರೆದಾಗ, ಆತ ಕೇಳಿರಲಿ ಬಿಡಲಿ, ಪದಕಗಳ ಪಟ್ಟಿಯನ್ನು ಪೂರ್ತಿ ತಾಳೆ ನೋಡಿ ಡಿಡಿ-215 ಕಳುಹಿಸುವುದು ಕಡ್ಡಾಯವಾಗಲಿ. ಮಂಡಳಿಯ ಸಿಬ್ಬಂದಿ ತೀರ್ಪಿನ ಕೊನೆಯ ಪುಟದಲ್ಲಿ ಈಗಾಗಲೇ ಮಾಡುತ್ತಿರುವ ಕೆಲಸವನ್ನೇ ಎಲ್ಲ ಮೇಜುಗಳಲ್ಲೂ ಮಾಡಲಿ. ಹಿಂದಿನ ದಿನಾಂಕದಿಂದ ಅನ್ವಯವಾಗುವ ಹೊಸ ಪದಕ ಬಂದರೆ ಅರ್ಹರನ್ನು ಹುಡುಕುವ ಕೆಲಸ ಇಲಾಖೆಯದಾಗಲಿ. ಎರಡನೆಯ ಮಹಾಯುದ್ಧದಲ್ಲಿ ಕಾಂಬ್ಯಾಟ್ ಇನ್‌ಫೆಂಟ್ರಿಮನ್ ಬ್ಯಾಡ್ಜ್ ಗಳಿಸಿದ್ದ ಕಾಲಾಳು ಸೈನಿಕರಿಗೆ ಬ್ರಾಂಜ್ ಸ್ಟಾರ್ ಎಂಬ ಪದಕ ಕೂಡ ಸಲ್ಲುತ್ತದೆ ಎಂದು 1947ರಲ್ಲಿ ತೀರ್ಮಾನವಾಯಿತು, ಆದರೆ ಅದನ್ನೂ ಅರ್ಜಿ ಹಾಕಿಯೇ ಪಡೆಯಬೇಕಿತ್ತು. ಅಂಥದೊಂದು ನಿಯಮ ಇದೆ ಎಂಬುದೇ ತಿಳಿಯದೆ ತೀರಿಹೋದವರ ಪರವಾಗಿ ಇಂದು ಮಕ್ಕಳು ಬರೆಯುತ್ತಿದ್ದಾರೆ.

ಬಿಡುಗಡೆಯಾಗಿ 62 ವರ್ಷ ಕಳೆದ ಮೇಲೆ ಸೈನಿಕನ ಕಡತ ಸಾರ್ವಜನಿಕ ದಾಖಲೆಯಾಗುತ್ತದೆ, ಶುಲ್ಕ ಕಟ್ಟಿದ ಯಾರು ಬೇಕಾದರೂ ಅದರ ಪ್ರತಿ ಪಡೆಯಬಹುದು. ನಾವು ಊಹಿಸಿಕೊಂಡ ಆ ಸೈನಿಕನ ಕಡತಕ್ಕೆ ಆ ದಿನ ಬರುವುದು 2031ರಲ್ಲಿ. ಅಪರಿಚಿತನೊಬ್ಬ ಅದನ್ನು ತರಿಸಿಕೊಂಡು 38ನೆಯ ಕಲಮನ್ನೂ 24ನೆಯ ಕಲಮನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಮೊದಲೇ, ಅವನು ಬದುಕಿರುವಾಗಲೇ, ಕಡತವನ್ನು ಕಾಯುತ್ತಿರುವವರು ಅದನ್ನೊಮ್ಮೆ ತೆರೆದು ನೋಡಲಿ.