ಟ್ರಾಫಿಕ್ ನೆಪ ನಡೆಯದ ಊರು

ನಮಸ್ಕಾರ. ಬೆಂಗಳೂರಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಸುಳ್ಳು ಯಾವುದು ಗೊತ್ತಾ? "ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ." ಲುಂಗಿ ಉಟ್ಟು ಸೋಫಾ ಮೇಲೆ ಕೂತು ಹೇಳಿದ್ದೇನೆ. ನಾಮಕರಣ, ಗೃಹಪ್ರವೇಶ, ಆಫೀಸಿನವರ ಊಟ, ಎಲ್ಲಕ್ಕೂ ಇದೇ ಮಾತು. "ಸಿಲ್ಕ್ ಬೋರ್ಡ್ ಹತ್ತಿರ ಇದ್ದೇನೆ" ಅಂದರೆ ಸಾಕು, ಆ ಕಡೆಯವರೇ "ಅಯ್ಯೋ ಪಾಪ, ಬಿಡಿ" ಅನ್ನುತ್ತಾರೆ. ಈ ಒಂದು ಮಾತು ನನ್ನನ್ನು ಎಷ್ಟು ವರ್ಷ ಕಾಪಾಡಿದೆ ಅನ್ನುವುದು ಶಿವಮೊಗ್ಗಕ್ಕೆ ಹೋಗಿ ಮನೆ ಮಾಡಿದ ಮೇಲೇ ಗೊತ್ತಾಗಿದ್ದು.

2021ರಲ್ಲಿ ಹೋದೆವು. 2023ರ ಕೊನೆಗೆ ವಾಪಸ್ ಬಂದೆವು. "ಸಣ್ಣ ಊರಿಗೆ ಹೋಗಿಬಿಡೋಣ ಅಂತ ಇದ್ದೇನೆ, ಹೇಗಿರುತ್ತೆ?" ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಅದಕ್ಕೇ ಇವತ್ತು ಒಂದೇ ಸಲ ಹೇಳಿ ಮುಗಿಸುತ್ತೇನೆ.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಬೆಂಗಳೂರಿನಲ್ಲಿ ನಮ್ಮ ಎರಡು ಬೆಡ್‌ರೂಮ್ ಮನೆಗೆ 26,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಆ ಮನೆಗೆ ಆಮೇಲೆ ಸುಣ್ಣ ಕೂಡ ಬಳಿದಿಲ್ಲ, ನಾನೇ ಹೋಗಿ ನೋಡಿಕೊಂಡು ಬಂದೆ! ಶಿವಮೊಗ್ಗದ ವಿನೋಬನಗರದಲ್ಲಿ ಅದಕ್ಕಿಂತ ದೊಡ್ಡ ಮನೆಗೆ 10,000, ಅಡ್ವಾನ್ಸ್ 50,000. ಮುಂದೆ ತೆಂಗಿನ ಮರ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮನೆ ತೋರಿಸುವಾಗ ಮಾಲೀಕರು "ನೀವು ನಾನ್‌ವೆಜ್ಜಾ?" ಅಂತ ಕೇಳಿದರು. ಅದರ ಹಿಂದೆ ಇರುವ ಪ್ರಶ್ನೆ ಏನು ಅಂತ ನಿಮಗೂ ಗೊತ್ತು. ಬೆಂಗಳೂರಿನಲ್ಲೂ ಕೇಳುತ್ತಾರೆ. ಆ ವಿಷಯದಲ್ಲಿ ಎರಡು ಊರಿಗೂ ಏನೂ ವ್ಯತ್ಯಾಸ ಇಲ್ಲ.

ಬಾಡಿಗೆ ಒಂದು ಬಿಟ್ಟರೆ ಉಳಿದದ್ದೆಲ್ಲ ಹೆಚ್ಚು ಕಮ್ಮಿ ಅದೇ ರೇಟು. ಪೆಟ್ರೋಲು, ಮೊಬೈಲ್ ರೀಚಾರ್ಜು, ಕಾರಿನ ಕಂತು ಊರು ನೋಡಿ ಕಮ್ಮಿಯಾಗುವುದಿಲ್ಲ. ಬಾಡಿಗೆಯಲ್ಲಿ ಉಳಿದ ಹದಿನಾರು ಸಾವಿರ ಎಲ್ಲಿಗೆ ಹೋಯಿತು ಅಂತೀರಾ? ಅರ್ಧ ಮುಯ್ಯಿಗೆ ಹೋಯಿತು. ತಮಾಷೆ ಅಲ್ಲ. ಒಂದೇ ಬೇಸಿಗೆಯಲ್ಲಿ 14 ಮದುವೆ. ನಮ್ಮ ಮನೆಯವಳ ಚಿಕ್ಕಮ್ಮ ಇರುವ ಊರು ಅದು. ಅವರ ಕಡೆಯವರು, ಪಕ್ಕದ ಬೀದಿಯವರು, ಹಾಲು ಹಾಕುವವರ ಅಣ್ಣನ ಮಗಳು... ಹೋಗದೆ ಇರುವ ಹಾಗಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಸ್ಕೂಟರ್‌ನಲ್ಲಿ ಇಪ್ಪತ್ತು ನಿಮಿಷ. ಗೋಪಿ ಸರ್ಕಲ್‌ನಲ್ಲಿ ಎಷ್ಟೇ ಗಾಡಿ ನಿಂತರೂ ಒಂದು ಮುಹೂರ್ತ ತಪ್ಪಿಸಿಕೊಳ್ಳುವಷ್ಟು ಟ್ರಾಫಿಕ್ ಆಗುವುದಿಲ್ಲ!

ಸಣ್ಣ ಊರಿಗೆ ಹೋದರೆ ಟೈಮ್ ಉಳಿಯುತ್ತದೆ ಅನ್ನುತ್ತಾರಲ್ಲ, ಅದು ನಿಜ. ನನಗೆ ದಿನಕ್ಕೆ ಮೂರು ಗಂಟೆ ಉಳಿಯಿತು. ಆದರೆ ಉಳಿದ ಆ ಮೂರು ಗಂಟೆ ನನ್ನದಲ್ಲ, ಊರಿನದು. ಪುಸ್ತಕ ಓದುತ್ತೇನೆ, ತುಂಗಾ ನದಿ ಕಡೆ ವಾಕಿಂಗ್ ಹೋಗುತ್ತೇನೆ ಅಂತ ಏನೇನೋ ಅಂದುಕೊಂಡಿದ್ದೆ. ವಾಕಿಂಗ್ ಹೋಗಿದ್ದೂ ಹೌದು. ದಾರಿಯಲ್ಲಿ ನಾಲ್ಕು ಜನ ನಿಲ್ಲಿಸಿ, "ಏನು, ಇವತ್ತು ಕೆಲಸ ಇಲ್ವಾ?" ಅಂತ ಕೇಳಿದ್ದೂ ಹೌದು.

ಎದುರು ಮನೆ ಅಮ್ಮ ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಾ, ತಲೆ ಎತ್ತದೆಯೇ ಕೇಳಿದರು: "ರಾತ್ರಿ ಎರಡು ಗಂಟೆಗೂ ನಿಮ್ಮನೆ ಲೈಟ್ ಉರೀತಿತ್ತಲ್ಲಪ್ಪಾ, ಹುಷಾರಿಲ್ವಾ?" ಅಮೆರಿಕದವರ ಜೊತೆ ಕಾಲ್ ಇತ್ತು ಅಂದೆ. "ಅಲ್ಲ, ಎರಡು ಗಂಟೆಗೆ ಅವರಿಗೇನು ಕೆಲಸ?" ಅಂದರು. ಅಲ್ಲಿ ಆಗ ಹಗಲು ಅಂತ ವಿವರಿಸಿದೆ. ಒಪ್ಪಲಿಲ್ಲ. ನನಗೆ ಸ್ವಲ್ಪ ಸಿಟ್ಟೂ ಬಂತು. ನನ್ನ ಮನೆ ಲೈಟು, ನನ್ನ ಕರೆಂಟ್ ಬಿಲ್ಲು, ಇವರಿಗೇನು ಅಂತ.

ಅದೇ ಜುಲೈನಲ್ಲಿ ಇಬ್ಬರಿಗೂ ಜ್ವರ ಬಂತು. ಮಲೆನಾಡಿನ ಬಾಗಿಲಲ್ಲಿರುವ ಊರು, ಜಡಿಮಳೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ. ನಾವು ಯಾರಿಗೂ ಹೇಳಿರಲಿಲ್ಲ. ಸಂಜೆ ಏಳಕ್ಕೆ ಲೈಟ್ ಹಾಕಿರಲಿಲ್ಲ, ಅಷ್ಟೇ. ಏಳೂವರೆಗೆ ಬಾಗಿಲು ಬಡಿದರು. ಕೈಯಲ್ಲಿ ಸ್ಟೀಲ್ ಕ್ಯಾರಿಯರ್, ಮೇಲಿನ ಡಬ್ಬಿಯಲ್ಲಿ ಮೆಣಸಿನ ಸಾರು, ಕೆಳಗಿನದರಲ್ಲಿ ಮೆತ್ತಗೆ ಮಾಡಿದ ಅನ್ನ. ಐದು ದಿನ ಬಂತು ಆ ಕ್ಯಾರಿಯರ್. ಲೈಟ್ ಉರಿಯುವುದನ್ನು ನೋಡಿದ ಕಣ್ಣೇ ಲೈಟ್ ಉರಿಯದೆ ಇರುವುದನ್ನೂ ನೋಡಿತ್ತು. ಸಾರು ಬೇಕು, ಪ್ರಶ್ನೆ ಬೇಡ ಅಂದರೆ ಆಗುವುದಿಲ್ಲ.

ಸರಿ, ಹಾಗಾದರೆ ವಾಪಸ್ ಯಾಕೆ ಬಂದೆ?

ಕಾರಣ ಕೆಲಸ. ನನ್ನದಲ್ಲ, ಮನೆಯವಳದು. ನನ್ನದು ಲ್ಯಾಪ್‌ಟಾಪ್ ಇರುವ ಕಡೆ ನಡೆಯುವ ಕೆಲಸ. ಅವಳದು ಔಷಧ ಕಂಪನಿಯಲ್ಲಿ ಮೈಕ್ರೋಬಯಾಲಜಿ, ಲ್ಯಾಬ್ ಇಲ್ಲದೆ ಆಗುವುದಿಲ್ಲ. ಶಿವಮೊಗ್ಗದಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ, ಹಳೇ ಸಂಬಳದ ಮೂರನೇ ಒಂದು ಭಾಗಕ್ಕೆ. ಎರಡು ವರ್ಷ ಮಾಡಿದಳು. ಒಂದು ದಿನವೂ ಗೊಣಗಲಿಲ್ಲ. ನಿಜ ಹೇಳಬೇಕೆಂದರೆ, ಗೊಣಗದೆ ಇದ್ದದ್ದೇ ನನಗೆ ಜಾಸ್ತಿ ಚುಚ್ಚಿತು. ಸಣ್ಣ ಊರಿನ ನೆಮ್ಮದಿ ಬಗ್ಗೆ ಉದ್ದುದ್ದ ಮಾತಾಡುವ ಗಂಡಸರನ್ನು ಕಂಡಾಗಲೆಲ್ಲ ನಾನು ಕೇಳುವುದು ಒಂದೇ: ನಿಮ್ಮ ಮನೆಯವರ ಕೆಲಸ ಏನಾಯಿತು?

ಇದು ನಮ್ಮಿಬ್ಬರ ಹಣೆಬರಹ ಮಾತ್ರ ಅಲ್ಲ. 2011ರ ಜನಗಣತಿ ತೆಗೆದು ನೋಡಿ. ಬೆಂಗಳೂರಿನಲ್ಲಿ 84 ಲಕ್ಷ ಜನ. ರಾಜ್ಯದ ಎರಡನೇ ದೊಡ್ಡ ನಗರ ಹುಬ್ಬಳ್ಳಿ-ಧಾರವಾಡದಲ್ಲಿ 9.4 ಲಕ್ಷ. ಶಿವಮೊಗ್ಗದಲ್ಲಿ 3.2 ಲಕ್ಷ. ಅಂದರೆ ಮೊದಲನೆಯದು ಎರಡನೆಯದರ ಒಂಬತ್ತು ಪಟ್ಟು. ಮಧ್ಯದಲ್ಲಿ ಏನೂ ಇಲ್ಲ, ಮೆಟ್ಟಿಲು ಇಲ್ಲದ ಅಟ್ಟದ ಹಾಗೆ. ಬೆಂಗಳೂರಿನಲ್ಲಿ ಕೆಲಸ ಹೋದರೆ ರಸ್ತೆ ಆಚೆ ಇನ್ನೊಂದು ಕಂಪನಿ ಇರುತ್ತದೆ. ಶಿವಮೊಗ್ಗದಲ್ಲಿ ಕೆಲಸ ಹೋದರೆ ಊರೇ ಬಿಡಬೇಕು.

ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತ ಮಾಡಿ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗೆ ಕಂಪನಿಗಳನ್ನು ಕರೆಯುತ್ತಿದೆ. ಒಳ್ಳೆಯದೇ. ರಸ್ತೆ, ವಿಮಾನ ಎಲ್ಲಾ ಬಂತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ, ಜೂನ್‌ನಲ್ಲಿ ಧಾರವಾಡಕ್ಕೆ ವಂದೇ ಭಾರತ್. ಎಲ್ಲವೂ ಆರೇ ತಿಂಗಳೊಳಗೆ. ಆದರೆ ನನಗೆ ಒಂದು ಅನುಮಾನ. ಇವೆಲ್ಲ ನಮ್ಮನ್ನು ಬೆಂಗಳೂರಿನಿಂದ ಆಚೆ ಕಳುಹಿಸುತ್ತವೋ, ಅಥವಾ ಬೆಂಗಳೂರಿಗೆ ಇನ್ನೂ ಬೇಗ ತಂದು ಬಿಡುತ್ತವೋ?

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಅಲ್ಲಿದ್ದಾಗ ತಿಂಗಳಿಗೆ ಎರಡು ಸಲ ಆಫೀಸಿಗೆ ಅಂತ ರಾತ್ರಿ ಬಸ್ ಹತ್ತುತ್ತಿದ್ದೆ. ಬಸ್ಸಿನಲ್ಲಿ ಎರಡು ಥರದ ಜನ. ನನ್ನ ಹಾಗೆ ಲ್ಯಾಪ್‌ಟಾಪ್ ಬ್ಯಾಗ್ ತಬ್ಬಿಕೊಂಡವರು ಒಂದು ಕಡೆ. ಸ್ಕ್ಯಾನಿಂಗ್ ಫಿಲಂ ಇರುವ ದೊಡ್ಡ ಕವರನ್ನು ಮಡಚದೆ, ತೊಡೆ ಮೇಲೆ ನೆಟ್ಟಗೆ ಹಿಡಿದು ಕೂತವರು ಇನ್ನೊಂದು ಕಡೆ. ಕಿದ್ವಾಯಿಗೆ ಹೋಗುವವರು, ಜಯದೇವಕ್ಕೆ ಹೋಗುವವರು. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲೇ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಮೊದಲ ಸಿಟಿ ಬಸ್ಸಿಗೆ ಕಾಯುತ್ತಾರೆ. ಶಿವಮೊಗ್ಗದಲ್ಲಿ ಡಾಕ್ಟರ್‌ಗಳಿಲ್ಲ ಅಂತಲ್ಲ, ಮೆಡಿಕಲ್ ಕಾಲೇಜುಗಳೇ ಇವೆ. ಆದರೂ ಕಾಯಿಲೆ ದೊಡ್ಡದು ಅಂತ ಗೊತ್ತಾದ ದಿನ ಜನ ಬೆಂಗಳೂರು ಬಸ್ ಹತ್ತುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದ್ದರೆ, ಮನೆ ನೋಡುವ ಮೊದಲು ಈ ಬಸ್ಸಿನಲ್ಲಿ ಒಂದು ಸಲ ಬಂದು ನೋಡಿ.

ಹೋಗಬೇಡಿ ಅನ್ನುತ್ತಿಲ್ಲ. ಬೆಂಗಳೂರಿನ ಮೇಲಿನ ಸಿಟ್ಟಿಗೆ ಮಾತ್ರ ಹೋಗಬೇಡಿ. ಆ ಸಿಟ್ಟು ಮೂರು ತಿಂಗಳಲ್ಲಿ ಇಳಿದುಹೋಗುತ್ತದೆ. ಇಳಿದ ಮೇಲೆ ಅಲ್ಲಿ ಮಾಡಲು ನಿಮಗೊಂದು ಕೆಲಸ, ಹೋಗಲು ನಾಲ್ಕು ಮನೆ ಇರಬೇಕು. ನಾಲ್ಕು ಮನೆ ತಾನಾಗಿ ಸಿಗುತ್ತವೆ ಅಂದುಕೊಂಡಿರಾ? ನಮಗೆ ಒಂದು ವರ್ಷ ಹಿಡಿಯಿತು. ಆ 14 ಮದುವೆಗೆ ಹೋದದ್ದಕ್ಕೇ ಸಿಕ್ಕವು ಅಂತ ಈಗ ಅನ್ನಿಸುತ್ತದೆ.

ಈಗ ನಾವು ದಾಸರಹಳ್ಳಿಯಲ್ಲಿದ್ದೇವೆ. ಯಶವಂತಪುರದಲ್ಲಿ ಶಿವಮೊಗ್ಗದ ರೈಲು ಸಿಗುತ್ತದಲ್ಲ, ಮನೆ ಹುಡುಕುವಾಗ ಇಬ್ಬರೂ ಬಾಯಿ ಬಿಟ್ಟು ಹೇಳದೆ ಅದನ್ನೇ ನೋಡಿದೆವು ಅನ್ನಿಸುತ್ತದೆ. ಹೋದ ವಾರ ಎದುರು ಮನೆ ಅಮ್ಮ ಫೋನ್ ಮಾಡಿದ್ದರು. "ಕೆಸುವಿನೆಲೆ ಚೆನ್ನಾಗಿ ಬಂದಿದೆ, ಪತ್ರೊಡೆ ಮಾಡ್ತೀನಿ, ಯಾವಾಗ ಬರ್ತೀರಿ?" ಬಾಯಿಗೆ ತಾನಾಗಿ ಬಂತು: "ಬರಬೇಕು ಅಂತಾನೇ ಇದ್ದೇವೆ ಅಮ್ಮಾ, ಇಲ್ಲಿ ಈ ಟ್ರಾಫಿಕ್ಕು..."

ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ರೈಲಿಗೂ ಟ್ರಾಫಿಕ್ ಇರುತ್ತೇನಪ್ಪಾ?"