ಎಂಟು ಕಿಲೊ ಪ್ಲುಟೋನಿಯಂ: ಅಣು ಪರಿವೀಕ್ಷಣೆಯ ಲೆಕ್ಕಾಚಾರ

ಎಲ್ಲರಿಗೂ ನಮಸ್ಕಾರ.

ಮಾತನ್ನು ಒಂದು ಅಂಕಿಯಿಂದಲೇ ಶುರುಮಾಡುತ್ತೇನೆ: 8 ಕಿಲೊಗ್ರಾಂ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ಪ್ಲುಟೋನಿಯಂಗೆ ಇಟ್ಟುಕೊಂಡಿರುವ ಗಡಿ ಇದು. ತಯಾರಿಕೆಯಲ್ಲಿ ಪೋಲಾಗುವ ಪಾಲನ್ನೂ ಲೆಕ್ಕಕ್ಕೆ ಹಿಡಿದರೆ, ಇಷ್ಟು ಕೈಸೇರಿದವರು ಒಂದು ಬಾಂಬ್ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬುದು ಸಂಸ್ಥೆಯ ಅಂದಾಜು. ಶೇ 20ಕ್ಕೂ ಹೆಚ್ಚು ಪುಷ್ಟೀಕರಿಸಿದ, ಅಂದರೆ ಯುರೇನಿಯಂ-235 ಎಂಬ ಐಸೊಟೋಪಿನ ಪಾಲನ್ನು ಅಷ್ಟಕ್ಕೆ ಏರಿಸಿದ, ಯುರೇನಿಯಂ ಆದರೆ ಅದರೊಳಗಿನ ಯುರೇನಿಯಂ-235ರ ಲೆಕ್ಕದಲ್ಲಿ 25 ಕಿಲೊ, ಅದಕ್ಕಿಂತ ಕಡಿಮೆ ಪುಷ್ಟೀಕರಣದ್ದಾದರೆ 75 ಕಿಲೊ. ಇವನ್ನು 'ಗಮನಾರ್ಹ ಪ್ರಮಾಣ' ಎನ್ನುತ್ತಾರೆ. ಪರಿವೀಕ್ಷಣೆಯ ಯೋಜನೆ ಬಹುಮಟ್ಟಿಗೆ ಇಂಥ ಅಂಕಿಗಳ ಮೇಲೆ ನಿಂತಿದೆ.

ಪ್ರಮಾಣದ ಜೊತೆಗೆ ಕಾಲವೂ ಇದೆ. ಬೇರ್ಪಡಿಸಿಟ್ಟ ಪ್ಲುಟೋನಿಯಂ ಅಥವಾ ಹೆಚ್ಚು ಪುಷ್ಟೀಕರಿಸಿದ ಯುರೇನಿಯಂ ಕಾಣೆಯಾದರೆ ಅದು ಒಂದು ತಿಂಗಳೊಳಗೆ ಗೊತ್ತಾಗಬೇಕು. ರಿಯಾಕ್ಟರಿನಿಂದ ತೆಗೆದ ಬಳಸಿದ ಇಂಧನವಾದರೆ ಮೂರು ತಿಂಗಳು, ಏಕೆಂದರೆ ಅದರಿಂದ ಪ್ಲುಟೋನಿಯಂ ತೆಗೆಯಲು ರಾಸಾಯನಿಕ ಸ್ಥಾವರವೂ ಸಮಯವೂ ಬೇಕು. ನೈಸರ್ಗಿಕ ಯುರೇನಿಯಂ ಮತ್ತು ಕಡಿಮೆ ಪುಷ್ಟೀಕರಿಸಿದ ಯುರೇನಿಯಂಗೆ ಒಂದು ವರ್ಷ.

1957ರಲ್ಲಿ ಹುಟ್ಟಿದ ಐಎಇಎಗೆ ಪೊಲೀಸರಿಲ್ಲ, ಸೈನ್ಯವಿಲ್ಲ. ಯಾವ ದೇಶದ ಕೈಯನ್ನೂ ಅದು ಹಿಡಿದು ನಿಲ್ಲಿಸಲಾರದು. ಅದು ಮಾಡಬಲ್ಲದ್ದು ಒಂದೇ: ಸಕಾಲದಲ್ಲಿ ತಿಳಿದುಕೊಂಡು ಜಗತ್ತಿಗೆ ಹೇಳುವುದು. ಹಾಗೆ ತಿಳಿಯಬೇಕಾದರೆ ಲೆಕ್ಕ ಒಂದು ದಿನವೂ ಕಡಿಯದೆ ಮುಂದುವರಿಯಬೇಕು. ಕಡಿದ ಲೆಕ್ಕವನ್ನು ಆಮೇಲೆ ತರ್ಕದಿಂದ ಕೂಡಿಸಲು ಬರುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಮುಖ್ಯವಾಗಿ ಇದನ್ನೇ.

ನಮಗೆ ಹತ್ತಿರದ ಉದಾಹರಣೆ ತೆಗೆದುಕೊಳ್ಳೋಣ. ಕೈಗಾದಲ್ಲಿರುವಂಥ 220 ಮೆಗಾವಾಟ್‌ನ ಭಾರಜಲ ರಿಯಾಕ್ಟರಿನಲ್ಲಿ 306 ಇಂಧನ ಕೊಳವೆಗಳು, ಒಂದೊಂದರಲ್ಲಿ 12 ಬಂಡಲ್ (ಇಂಧನ ಸರಳುಗಳ ಕಟ್ಟು), ಒಟ್ಟು 3,672 ಬಂಡಲ್. ಒಂದು ಬಂಡಲ್‌ನಲ್ಲಿ ಸುಮಾರು 13 ಕಿಲೊ ಯುರೇನಿಯಂ ಇರುತ್ತದೆ. ಅದು ಪೂರ್ತಿ ಉರಿದು ಹೊರಬಂದಾಗ ಒಳಗೆ ಸುಮಾರು 50 ಗ್ರಾಂ ಪ್ಲುಟೋನಿಯಂ ಹುಟ್ಟಿರುತ್ತದೆ. ಹಾಗಾದರೆ 8 ಕಿಲೊ ಕೂಡಿಸಲು ಸುಮಾರು 160 ಬಂಡಲ್ ಸಾಕು. ರಿಯಾಕ್ಟರಿನ ಇಡೀ ಗರ್ಭದ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ!

ಈ ಬಗೆಯ ರಿಯಾಕ್ಟರಿಗೆ ಇಂಧನ ತುಂಬಲು ಅದನ್ನು ನಿಲ್ಲಿಸಬೇಕಿಲ್ಲ, ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸ ಬಂಡಲ್ ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ತೆಗೆಯುತ್ತಾರೆ. ವಿದ್ಯುತ್ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ಪರಿವೀಕ್ಷಕನಿಗೆ ತಲೆನೋವು. ಬಂಡಲನ್ನು ಅವಧಿಗೆ ಮುಂಚೆಯೇ ತೆಗೆದರೆ ಅದರ ಪ್ಲುಟೋನಿಯಂನಲ್ಲಿ 240ರ ಐಸೊಟೋಪ್ ಕಡಿಮೆಯಿರುತ್ತದೆ, ಅಂಥದ್ದು ಬಾಂಬಿಗೆ ಹೆಚ್ಚು ಒಗ್ಗುತ್ತದೆ. ಆದ್ದರಿಂದ ಇಲ್ಲಿ ವಿಕಿರಣ ಅಳೆಯುವ ಎಣಿಕೆ ಯಂತ್ರಗಳನ್ನು ಹಾದಿಯಲ್ಲೇ ಅಳವಡಿಸುತ್ತಾರೆ. ಬಂಡಲ್ ಗರ್ಭದಿಂದ ಹೊರಬಂದಾಗಲೂ ಬಳಸಿದ ಇಂಧನವನ್ನು ಇಡುವ ನೀರಿನ ಕೊಳಕ್ಕೆ ಇಳಿಯುವಾಗಲೂ ಅದು ಎಣಿಕೆಗೆ ಸಿಗುತ್ತದೆ. ಸಾಧಾರಣ ನೀರಿನ ರಿಯಾಕ್ಟರಿನಲ್ಲಿ ಈ ತಾಪತ್ರಯವಿಲ್ಲ. ಅದರ ಮುಚ್ಚಳ ತೆರೆಯುವುದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ. ಉಳಿದ ದಿನ ಒಂದು ಸೀಲು, ಒಂದು ಕ್ಯಾಮೆರಾ ಕಾವಲಿಗೆ ಸಾಕು.

ಆದರೆ ಕೈಗಾದಲ್ಲಿ ಐಎಇಎ ಎಣಿಸುವುದಿಲ್ಲ. 1967ರ ಜನವರಿ 1ಕ್ಕೆ ಮುಂಚೆ ಅಣ್ವಸ್ತ್ರ ಸ್ಫೋಟಿಸಿದ ಐದು ದೇಶಗಳನ್ನು ಮಾತ್ರ ಅಣ್ವಸ್ತ್ರ ರಾಷ್ಟ್ರವೆಂದು ಒಪ್ಪುವ ಪ್ರಸರಣ ತಡೆ ಒಪ್ಪಂದಕ್ಕೆ (ಎನ್‌ಪಿಟಿ) ಭಾರತ ಸಹಿ ಹಾಕಿಲ್ಲ. 1974ರ ಪೊಖ್ರಾನ್ ಸ್ಫೋಟದ ಪ್ಲುಟೋನಿಯಂ ಬಂದದ್ದು ಕೆನಡಾ ಕೊಟ್ಟ ಸೈರಸ್ ರಿಯಾಕ್ಟರಿನಿಂದ, ಅದಕ್ಕೆ ಭಾರಜಲ ಕೊಟ್ಟದ್ದು ಅಮೆರಿಕ. ಶಾಂತಿಯುತ ಬಳಕೆಗೆ ಮಾತ್ರ ಎಂಬ ವಾಗ್ದಾನವಿತ್ತು, ಬಂದು ನೋಡುವ ಪರಿವೀಕ್ಷಕರು ಇರಲಿಲ್ಲ. ಸರಬರಾಜು ಮಾಡುವ ದೇಶಗಳು ಸೇರಿ ಎನ್‌ಎಸ್‌ಜಿ ಕೂಟ ಕಟ್ಟಿಕೊಂಡದ್ದು ಅದಾದ ಮೇಲೆಯೇ. ಮೂರು ದಶಕ ಕಳೆದು, ನಾಗರಿಕ ಮತ್ತು ಸೇನಾ ಸ್ಥಾವರಗಳನ್ನು ಬೇರೆ ಮಾಡುವ 2006ರ ವಿಂಗಡಣಾ ಯೋಜನೆಯಲ್ಲಿ ಭಾರತ 14 ರಿಯಾಕ್ಟರುಗಳನ್ನು ನಾಗರಿಕ ಪಟ್ಟಿಗೆ ಸೇರಿಸಿತು. 2008ರ ಸೆಪ್ಟೆಂಬರ್‌ನಲ್ಲಿ ಅಣು ಸರಬರಾಜಿಗೆ ಎನ್‌ಎಸ್‌ಜಿ ವಿನಾಯಿತಿ ಸಿಕ್ಕಿತು, ಮರುವರ್ಷ ಐಎಇಎ ಜೊತೆಗಿನ ಒಪ್ಪಂದ ಜಾರಿಗೆ ಬಂತು. ತಾರಾಪುರದ ಮೊದಲೆರಡು ಘಟಕ, ರಾಜಸ್ಥಾನದ ಆರು, ಕೂಡಂಕುಳಂ, ಕಾಕ್ರಪಾರ, ನರೋರ ಆ ಪಟ್ಟಿಯಲ್ಲಿದ್ದವು. ಕೈಗಾ, ಕಲ್ಪಾಕ್ಕಂ ಹೊರಗುಳಿದವು. ಹೊರದೇಶದ ಯುರೇನಿಯಂ ಪರಿವೀಕ್ಷಣೆಗೆ ಒಳಪಟ್ಟ ರಿಯಾಕ್ಟರಿಗೆ ಮಾತ್ರ ಹೋಗಬಹುದು; ಕೈಗಾದ್ದು ಸ್ವದೇಶಿ ಯುರೇನಿಯಂ. ಇನ್ನೊಂದು ನಿಯಮವನ್ನು ಗಮನಿಸಿ: ಪರಿವೀಕ್ಷಣೆ ವಸ್ತುವಿನ ಬೆನ್ನು ಬಿಡುವುದಿಲ್ಲ. ಆಮದು ಯುರೇನಿಯಂ ಉರಿದು ಪ್ಲುಟೋನಿಯಂ ಆದರೆ ಆ ಪ್ಲುಟೋನಿಯಂ ಕೂಡ ಲೆಕ್ಕದೊಳಗೆ.

ಎನ್‌ಪಿಟಿಯ ಅಣ್ವಸ್ತ್ರರಹಿತ ಸದಸ್ಯರ ಕಥೆ ಬೇರೆ. ಅವರು ದೇಶದೊಳಗಿನ ಎಲ್ಲ ಅಣು ವಸ್ತುವನ್ನೂ ತೋರಿಸಬೇಕು. ಸ್ಥಾವರವನ್ನು 'ವಸ್ತು ಸಮತೋಲನ ವಲಯ'ಗಳಾಗಿ ಭಾಗಮಾಡುತ್ತಾರೆ. ಯಾವುದೇ ವಲಯಕ್ಕೆ ಬಂದದ್ದು, ಹೋದದ್ದರ ವರದಿ ಆ ತಿಂಗಳು ಮುಗಿದ 30 ದಿನದೊಳಗೆ ವಿಯೆನ್ನಾ ತಲುಪಬೇಕು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಲ್ಲ ನಿಲ್ಲಿಸಿ ದಾಸ್ತಾನು ಎಣಿಸುತ್ತಾರೆ. ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿ, ಹೋದದ್ದನ್ನು ಕಳೆದು, ಕೊನೆಗೆ ಕಂಡ ದಾಸ್ತಾನನ್ನೂ ಕಳೆಯಿರಿ. ಉಳಿಯುವ ಅಂಕಿಗೆ 'ಮಫ್' ಎಂದು ಹೆಸರು, ಲೆಕ್ಕಕ್ಕೆ ಸಿಗದ ವಸ್ತು.

ಪರಿವೀಕ್ಷಕ ಎಲ್ಲವನ್ನೂ ಅಳೆಯುವುದಿಲ್ಲ, ಆ ಸಮಯವೂ ಅವನಿಗಿರುವುದಿಲ್ಲ. ಪಟ್ಟಿಯಿಂದ ಯಾದೃಚ್ಛಿಕವಾಗಿ ಕೆಲವನ್ನು ಆರಿಸುತ್ತಾನೆ. ಮೂರು ಬಗೆಯ ಮೋಸಕ್ಕೆ ಮೂರು ಬಗೆಯ ಅಳತೆ ಬೇಕು. ಡಬ್ಬಿ ಪೂರ್ತಿ ಖಾಲಿಯೋ ಎಂಬುದನ್ನು ಕೈಯಲ್ಲಿ ಹಿಡಿಯುವ ಗಾಮಾ ಉಪಕರಣ ಹೇಳುತ್ತದೆ. ಯುರೇನಿಯಂ-235 ಹೊರಡಿಸುವ 186 ಕಿಲೊ ಎಲೆಕ್ಟ್ರಾನ್ ವೋಲ್ಟ್ ಕಿರಣವನ್ನು ಅದು ಹುಡುಕುತ್ತದೆ. ಅರ್ಧದಷ್ಟು ತೆಗೆದಿದ್ದಾರೆಯೇ ಎಂದು ತಿಳಿಯಲು ತೂಕವೂ ನ್ಯೂಟ್ರಾನ್ ಎಣಿಕೆಯೂ ಬೇಕು. ಬಹಳ ಡಬ್ಬಿಗಳಿಂದ ಚಿಟಿಕೆ ಚಿಟಿಕೆಯಾಗಿ ತೆಗೆದಿದ್ದರೆ ಮಾದರಿಯನ್ನು ವಿಯೆನ್ನಾ ಬಳಿಯ ಸೈಬರ್ಸ್‌ಡಾರ್ಫ್ ಪ್ರಯೋಗಾಲಯಕ್ಕೆ ಕಳಿಸಿ ರಾಸಾಯನಿಕ ವಿಶ್ಲೇಷಣೆಯನ್ನೇ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವಿದ್ಯುತ್ ಸ್ಥಾವರಕ್ಕೆ ಹೋಗುವ ಇಂಧನದ '30ಬಿ' ಸಿಲಿಂಡರ್‌ನಲ್ಲಿ ಗರಿಷ್ಠ 2,277 ಕಿಲೊ ಯುರೇನಿಯಂ ಹೆಕ್ಸಾಫ್ಲೋರೈಡ್ ತುಂಬಬಹುದು. ಅದರಲ್ಲಿ ಯುರೇನಿಯಂ ಸುಮಾರು 1,540 ಕಿಲೊ. ಶೇ 4.95 ಪುಷ್ಟೀಕರಣದಲ್ಲಿ 235ರ ಪಾಲು 76 ಕಿಲೊ. ಅಂದರೆ ಅಂಗಳದಲ್ಲಿ ಸಾಲಾಗಿ ಮಲಗಿರುವ ತುಂಬಿದ ಸಿಲಿಂಡರ್‌ಗಳಲ್ಲಿ ಪ್ರತಿಯೊಂದೂ ಒಂದೊಂದು ಗಮನಾರ್ಹ ಪ್ರಮಾಣ.

ಸಿಲಿಂಡರ್, ಬಂಡಲ್‌ಗಳನ್ನು ಎಣಿಸಿಬಿಡಬಹುದು. ಕಷ್ಟ ಶುರುವಾಗುವುದು ಬಳಸಿದ ಇಂಧನವನ್ನು ಕತ್ತರಿಸಿ ಆಮ್ಲದಲ್ಲಿ ಕರಗಿಸುವ ಮರುಸಂಸ್ಕರಣಾ ಸ್ಥಾವರದಲ್ಲಿ. ಗೋದಾಮಿನ ಮೂಟೆ ಎಣಿಸುವುದಕ್ಕೂ, ಮೂಟೆ ಬಿಚ್ಚಿ ಸುರಿದ ರಾಶಿಯನ್ನು ಕಾಳು ಚೆಲ್ಲದೆ ತೂಗುವುದಕ್ಕೂ ಇರುವಷ್ಟು ವ್ಯತ್ಯಾಸ ಅದು. ಜಪಾನಿನ ರೊಕ್ಕಾಶೊ ಸ್ಥಾವರವನ್ನು ವರ್ಷಕ್ಕೆ 800 ಟನ್ ಬಳಸಿದ ಇಂಧನಕ್ಕೆ ವಿನ್ಯಾಸ ಮಾಡಿದ್ದಾರೆ. ಅದರಲ್ಲಿ ಶೇ 1ರಷ್ಟು ಪ್ಲುಟೋನಿಯಂ ಎಂದರೆ 8 ಟನ್. ಅಳತೆಯಲ್ಲಿ ಶೇ 1 ಅನಿಶ್ಚಿತತೆ ಉಳಿದರೂ ವರ್ಷದ ಕೊನೆಗೆ 80 ಕಿಲೊ, ಹತ್ತು ಬಾಂಬಿನಷ್ಟು, ಮಬ್ಬಿನಲ್ಲಿ ಉಳಿಯುತ್ತದೆ. ಇದು ಕಾಗದದ ಮೇಲಿನ ಭಯವಲ್ಲ. ಜಪಾನಿನದೇ ಆದ ಟೊಕಾಯ್‌ನ ಪ್ಲುಟೋನಿಯಂ ಇಂಧನ ಕಾರ್ಖಾನೆಯ ಗ್ಲವ್‌ಬಾಕ್ಸ್‌ಗಳ (ಕೈಗವಸು ತೂರಿಸಿ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆಗಳ) ಒಳಗೋಡೆ, ಯಂತ್ರಗಳ ಸಂದುಗಳಲ್ಲಿ ಪುಡಿಯಾಗಿ ಅಂಟಿದ್ದ ಪ್ಲುಟೋನಿಯಂ ಸುಮಾರು 70 ಕಿಲೊ ಎಂಬುದು 1994ರಲ್ಲಿ ಸುದ್ದಿಯಾಯಿತು. ಯಾರೂ ಕದ್ದಿರಲಿಲ್ಲ. ಆದರೆ ಕದ್ದಿಲ್ಲ ಎಂದು ಸಾಧಿಸಲು ಯಂತ್ರಗಳನ್ನು ಬಿಚ್ಚಿ ಉಜ್ಜಿ ತೆಗೆಯಬೇಕಾಯಿತು. ದೊಡ್ಡ ಮರುಸಂಸ್ಕರಣಾ ಸ್ಥಾವರದ ಬಗ್ಗೆ 'ಪೂರ್ಣ ನಿಗಾ ಇದೆ' ಎಂದು ಯಾರಾದರೂ ಹೇಳಿದರೆ ನಾನು ಈ 80 ಕಿಲೊ ಲೆಕ್ಕವನ್ನೇ ಕೇಳುತ್ತೇನೆ. ಅಲ್ಲಿ ಪರಿವೀಕ್ಷಕರು ಹಗಲೂ ರಾತ್ರಿ ಇರಬೇಕಾಗುವುದು, ಕೊಳವೆ ಕೊಳವೆಗೂ ತಮ್ಮದೇ ಅಳತೆ ಯಂತ್ರ ಕೂರಿಸುವುದು ಇದಕ್ಕಾಗಿಯೇ.

ಪರಿವೀಕ್ಷಕ ಇಲ್ಲದ ದಿನಗಳನ್ನು ಸೀಲು ಮತ್ತು ಕ್ಯಾಮೆರಾ ಕಾಯುತ್ತವೆ. ದಶಕಗಳ ಕಾಲ ಬಳಕೆಯಲ್ಲಿದ್ದ ಲೋಹದ ಸೀಲು ನೋಡಲು ಎರಡು ಸಣ್ಣ ಬಟ್ಟಲು ಮುಚ್ಚಿಟ್ಟಂತೆ ಇರುತ್ತದೆ, ನಡುವೆ ತಂತಿ. ಒಳಮೈಯಲ್ಲಿ ಬೆಸುಗೆಯ ಲೋಹ ಹರಡಿ, ಗೀರು ಹಾಕಿರುತ್ತಾರೆ. ಆ ಗೀರು ಇನ್ನೊಂದರಲ್ಲಿ ಬರುವುದಿಲ್ಲ. ಹಾಕುವ ಮುಂಚೆ ಅದರ ಚಿತ್ರ ತೆಗೆದಿಟ್ಟು, ಕತ್ತರಿಸಿ ತಂದ ಮೇಲೆ ವಿಯೆನ್ನಾದಲ್ಲಿ ಹೋಲಿಸುತ್ತಾರೆ. ಸೀಲು ಕಳ್ಳನನ್ನು ತಡೆಯದು, ಕಳ್ಳತನವನ್ನು ಮುಚ್ಚಿಡಲು ಬಿಡದು, ಅಷ್ಟೆ. ಕ್ಯಾಮೆರಾ ಕೆಡುವುದು ಬಹುಪಾಲು ಸಾಮಾನ್ಯ ಕಾರಣಗಳಿಗೇ: ದೀಪ ಹೋಗುತ್ತದೆ, ಕ್ರೇನ್ ಅಡ್ಡ ನಿಲ್ಲುತ್ತದೆ, ವಿದ್ಯುತ್ ಕೈಕೊಡುತ್ತದೆ. ಆಗ ಆ ಕೊಳದ ಇಂಧನವನ್ನು ಮತ್ತೆ ಅಳೆಯಲೇಬೇಕು. ಬಳಸಿದ ಇಂಧನ ನೀರಿನಲ್ಲಿ ಹೊಮ್ಮಿಸುವ ಚೆರೆಂಕೋವ್ ಬೆಳಕನ್ನು ವಿಶೇಷ ದರ್ಶಕದಿಂದ ನೋಡಿ, ಒಂದೊಂದು ಕಟ್ಟೂ ನಿಜದ ಇಂಧನವೋ ಡಮ್ಮಿಯೋ ಎಂದು ಪರೀಕ್ಷಿಸುತ್ತಾರೆ.

ಇದೆಲ್ಲ ದೇಶ ತಾನಾಗಿ ತೋರಿಸಿದ ಸ್ಥಾವರದ ಮಾತು. ತೋರಿಸದೇ ಇದ್ದರೆ? 1991ರ ಯುದ್ಧ ಮುಗಿದ ಮೇಲೆ ಇರಾಕಿನಲ್ಲಿ ಬಯಲಾದದ್ದು ಇದೇ. ತುವೈಥಾದ ಅಣು ಕೇಂದ್ರದಲ್ಲಿ ಘೋಷಿಸಿದ್ದ ವಸ್ತುವನ್ನು ಪರಿವೀಕ್ಷಕರು ನೋಡಿ ಹೋಗುತ್ತಿದ್ದರು. ಘೋಷಿಸದೆ ನಡೆದಿದ್ದ ವಿದ್ಯುತ್ಕಾಂತೀಯ ಪುಷ್ಟೀಕರಣದ ದೊಡ್ಡ ಕಾರ್ಯಕ್ರಮ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಪಟ್ಟಿಯಲ್ಲಿಲ್ಲದ ಕಟ್ಟಡವನ್ನು ನೋಡುವ ರೂಢಿಯೇ ಇರಲಿಲ್ಲ. ಅದರಿಂದ ಹುಟ್ಟಿದ್ದು 1997ರ ಹೆಚ್ಚುವರಿ ಪ್ರೋಟೊಕಾಲ್. ಅದನ್ನು ಒಪ್ಪಿದ ದೇಶದಲ್ಲಿ 24 ಗಂಟೆ ಮುಂಚೆ ತಿಳಿಸಿ, ಸ್ಥಾವರದ ಆವರಣದೊಳಗೇ ಪರಿವೀಕ್ಷಣೆ ನಡೆಯುತ್ತಿದ್ದರೆ ಎರಡೇ ಗಂಟೆ ಮುಂಚೆ ತಿಳಿಸಿ, ಬೇರೆ ಕಟ್ಟಡಕ್ಕೂ ಹೋಗಬಹುದು. ಗಣಿ, ಪುಷ್ಟೀಕರಣ ಮಾಡುವ ಸೆಂಟ್ರಿಫ್ಯೂಜ್ ಯಂತ್ರಗಳ ಬಿಡಿಭಾಗಗಳ ತಯಾರಿಕೆ, ಸಂಶೋಧನೆ ಎಲ್ಲವೂ ಘೋಷಣೆಯೊಳಗೆ ಬಂದವು. ಪ್ರೋಟೊಕಾಲ್ ಐಚ್ಛಿಕ ಎಂಬುದು ಇಂದಿಗೂ ಈ ವ್ಯವಸ್ಥೆಯ ದೊಡ್ಡ ಬಿರುಕು.

ಅದರ ಜೊತೆಗೆ ಬಂದ ಇನ್ನೊಂದು ಸಾಧನ ಹತ್ತಿ ಬಟ್ಟೆ. 10 ಸೆಂಟಿಮೀಟರ್ ಚೌಕದ ಶುದ್ಧ ಬಟ್ಟೆಯಿಂದ ಗೋಡೆ, ಮೇಜು, ಗಾಳಿ ಕಿಂಡಿಗಳನ್ನು ಒರೆಸಿ, ಒಂದರೊಳಗೊಂದು ಚೀಲದಲ್ಲಿ ಮುಚ್ಚಿ, ಹೆಸರಿಲ್ಲದೆ ಸಂಕೇತ ಸಂಖ್ಯೆ ಮಾತ್ರ ಬರೆದು ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಮೈಕ್ರೊಮೀಟರ್ ಗಾತ್ರದ ಒಂದು ಕಣ ಸಿಕ್ಕರೂ ಪುಷ್ಟೀಕರಣದ ಮಟ್ಟ ತಿಳಿಯುತ್ತದೆ. ಆದರೆ ಕಣ ಎಲ್ಲಿಂದ ಬಂತು ಎಂಬುದನ್ನು ಬಟ್ಟೆ ಹೇಳದು. 2003ರಲ್ಲಿ ಇರಾನಿನಲ್ಲಿ ಸಿಕ್ಕ ಹೆಚ್ಚು ಪುಷ್ಟಿಯ ಕಣಗಳಲ್ಲಿ ಹೆಚ್ಚಿನವು, ಪಾಕಿಸ್ತಾನ ಮೂಲದ ಬಿಡಿಭಾಗಗಳಿಗೆ ಅಂಟಿಕೊಂಡು ಬಂದವು ಎಂಬ ತೀರ್ಮಾನಕ್ಕೆ ಬರಲು ಸುಮಾರು ಎರಡು ವರ್ಷ ಹಿಡಿಯಿತು.

ಲೆಕ್ಕ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಕೊರಿಯಾದಷ್ಟು ಸ್ಪಷ್ಟ ಪಾಠ ಬೇರೆ ಇಲ್ಲ. 1992ರಲ್ಲಿ ಆ ದೇಶ, ತಾನು ಒಮ್ಮೆ ಮಾತ್ರ ಮರುಸಂಸ್ಕರಣೆ ಮಾಡಿ ಸುಮಾರು 90 ಗ್ರಾಂ ಪ್ಲುಟೋನಿಯಂ ತೆಗೆದೆ ಎಂದಿತು. ಪ್ಲುಟೋನಿಯಂ-241 ಸುಮಾರು 14 ವರ್ಷದ ಅರ್ಧಾಯುವಿನಲ್ಲಿ ಅಮೆರಿಷಿಯಂ-241 ಆಗಿ ಬದಲಾಗುತ್ತದೆ. ಎರಡರ ಅನುಪಾತ ನೋಡಿದರೆ ಪ್ಲುಟೋನಿಯಂ ಬೇರ್ಪಟ್ಟ ಕಾಲ ತಿಳಿಯುತ್ತದೆ. ಮಾದರಿಗಳು ಒಂದಲ್ಲ, ಹಲವು ಬಾರಿ ಬೇರ್ಪಡಿಸಿದ್ದನ್ನು ತೋರಿಸಿದವು. 1993ರ ಫೆಬ್ರುವರಿಯಲ್ಲಿ ಐಎಇಎ ಎರಡು ಜಾಗಗಳ ವಿಶೇಷ ಪರಿವೀಕ್ಷಣೆ ಕೇಳಿತು. ಮಾರ್ಚ್ 12ಕ್ಕೆ ಉತ್ತರ ಕೊರಿಯಾ ಎನ್‌ಪಿಟಿ ಬಿಡುವುದಾಗಿ ಹೇಳಿತು. ಆಗಲೂ ಒಂದು ದಾರಿ ಉಳಿದಿತ್ತು. ಯೊಂಗ್‌ಬ್ಯೊನ್ ರಿಯಾಕ್ಟರಿನ ಸುಮಾರು 8,000 ಇಂಧನ ಸರಳುಗಳಲ್ಲಿ ಆಯ್ದ ಕೆಲವನ್ನು, ಅವು ಗರ್ಭದೊಳಗೆ ಎಲ್ಲಿದ್ದವು ಎಂಬ ಗುರುತಿನೊಂದಿಗೆ ಅಳೆದಿದ್ದರೆ, ಹಿಂದೆ ಎಷ್ಟು ಇಂಧನ ತೆಗೆದಿದ್ದರು ಎಂದು ಹೇಳಬಹುದಿತ್ತು. 1994ರ ಬೇಸಿಗೆಯಲ್ಲಿ ಅವರು ಸರಳುಗಳನ್ನು ಗುರುತು ಉಳಿಯದಂತೆ ಹೊರತೆಗೆದರು. ಆ ಪುರಾವೆ ಅಲ್ಲಿಗೆ ಮುಗಿಯಿತು, ಮತ್ತೆ ಹುಟ್ಟಿಸಲು ಯಾವ ಒಪ್ಪಂದದಿಂದಲೂ ಆಗಲಿಲ್ಲ. 2006ರ ಅಕ್ಟೋಬರ್ 9ರಂದು ಅವರು ಮೊದಲ ಪರೀಕ್ಷೆ ನಡೆಸಿದರು.

ಇರಾನಿನದು ಈಗಿನ ವಿಷಯ. ಅಮೆರಿಕ ಮುಂತಾದ ದೇಶಗಳೊಂದಿಗಿನ 2015ರ ಒಪ್ಪಂದದಲ್ಲಿ ಪುಷ್ಟೀಕರಣಕ್ಕೆ ಶೇ 3.67ರ ಮಿತಿ, 300 ಕಿಲೊ ದಾಸ್ತಾನು, ಅದಕ್ಕೂ ಮುಖ್ಯವಾಗಿ ಸೆಂಟ್ರಿಫ್ಯೂಜ್ ಬಿಡಿಭಾಗಗಳ ಮೇಲೆ ಕ್ಯಾಮೆರಾ ಇತ್ತು. 2018ರ ಮೇ ತಿಂಗಳಲ್ಲಿ ಅಮೆರಿಕ ಹೊರನಡೆಯಿತು. 2021ರ ಫೆಬ್ರುವರಿಯಲ್ಲಿ ಇರಾನ್ ಹೆಚ್ಚುವರಿ ಪ್ರೋಟೊಕಾಲ್ ಪಾಲನೆ ನಿಲ್ಲಿಸಿತು, ಏಪ್ರಿಲ್‌ನಲ್ಲಿ ಶೇ 60ಕ್ಕೆ ಏರಿತು, 2022ರ ಜೂನ್‌ನಲ್ಲಿ ಕ್ಯಾಮೆರಾಗಳನ್ನು ಕಳಚಿಸಿತು. ಸೆಂಟ್ರಿಫ್ಯೂಜಿನೊಳಗೆ ತಿರುಗುವ ರೋಟರ್ ಎಷ್ಟು ತಯಾರಾದವು, ಅವು ಎಲ್ಲಿವೆ ಎಂಬ ಲೆಕ್ಕ ಅಂದೇ ಕಡಿಯಿತು. ಇರಾನಿನ ಮೇಲೆ ಇಸ್ರೇಲಿನ ದಾಳಿಗಳು ಆರಂಭವಾದ 2025ರ ಜೂನ್ 13ರಂದು ಶೇ 60ರ ದಾಸ್ತಾನು 440.9 ಕಿಲೊ ಎಂದು ಐಎಇಎ ಅಂದಾಜಿಸಿದೆ. ಅದರಲ್ಲಿ 235ರ ಪಾಲು ಸುಮಾರು 264 ಕಿಲೊ, ಹತ್ತು ಗಮನಾರ್ಹ ಪ್ರಮಾಣ. ತಿಂಗಳಿಗೊಮ್ಮೆ ನೋಡಬೇಕಾದ ವಸ್ತು ಇದು. ದಾಳಿಯ ನಂತರ ತಿಂಗಳುಗಟ್ಟಲೆ ಯಾರೂ ಅದನ್ನು ನೋಡಲಾಗಲಿಲ್ಲ. ಬಾಂಬ್ ಹಾಕಿ ಕಟ್ಟಡ ಕೆಡವಬಹುದು, ಆದರೆ ಸಿಲಿಂಡರ್‌ಗಳ ಲೆಕ್ಕವನ್ನೂ ಅದೇ ಹೊಡೆತಕ್ಕೆ ಕಳೆದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಇದು ಆ ದಾಳಿಗಳ ಅತಿ ದುಬಾರಿ ಬೆಲೆ.

ಮತ್ತೆ ಬಾಗಿಲು ತೆರೆದಾಗ ಕೆಲಸ ಹೀಗಿರುತ್ತದೆ. ಮೊದಲು ಇರಾನ್ ತಾನೇ ಪೂರ್ತಿ ಪಟ್ಟಿ ಕೊಡಬೇಕು: ಯಾವ ಸಿಲಿಂಡರ್, ಎಲ್ಲಿ, ಎಷ್ಟು ತೂಕ, ಎಷ್ಟು ಪುಷ್ಟಿ, ನಾಶವಾಗಿದ್ದರೆ ಯಾವುದು. ಆಮೇಲೆ ಪರಿವೀಕ್ಷಕರು ಸಿಕ್ಕ ಪ್ರತಿಯೊಂದನ್ನೂ ತೂಗಿ, ಗಾಮಾ ಅಳೆದು, ಮಾದರಿ ತೆಗೆದು, ಹೊಸ ಸೀಲು ಹಾಕುತ್ತಾರೆ. ಅವಶೇಷದಡಿ ಸೋರಿದ ಹೆಕ್ಸಾಫ್ಲೋರೈಡ್ ತೇವ ಸೋಕಿದೊಡನೆ ಯುರೇನಿಲ್ ಫ್ಲೋರೈಡ್ ಮತ್ತು ವಿಷದ ಹೈಡ್ರೊಜನ್ ಫ್ಲೋರೈಡ್ ಆಗುವುದರಿಂದ ಅಲ್ಲಿ ಒರೆಸಿ ತೆಗೆದ ಮಣ್ಣು, ಧೂಳನ್ನೂ ಯುರೇನಿಯಂ ಲೆಕ್ಕಕ್ಕೆ ಹಿಡಿಯಬೇಕು. ಹೀಗೆ ಕೂಡಿಸಿದ ಮೊತ್ತ 440.9ಕ್ಕೆ ಎಷ್ಟು ಕಡಿಮೆ ಬಂದರೆ ಅದನ್ನು ಅಳತೆಯ ದೋಷವೆಂದು ಒಪ್ಪಬಹುದು, ಎಷ್ಟು ಕಡಿಮೆಯಾದರೆ ಒಪ್ಪಲಾಗದು ಎಂಬುದನ್ನು ವಿಯೆನ್ನಾದ ಅಂಕಿಅಂಶ ತಜ್ಞರು ಆಗ ತೀರ್ಮಾನಿಸಬೇಕಾಗುತ್ತದೆ.